ಹಡಗಿನ ಬಾಣಲೆ ಸದಾಶಿವಗಡಕ್ಕೆ ಬಂದ ಮೇಲೆ

ನಾನು ಒಲೆ ಮುಂದೆ ನಿಂತ ದಿನ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಇದರಲ್ಲಿ ನನ್ನ ಅಡುಗೆಯ ತಪ್ಪೇನೂ ಇಲ್ಲ. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವನಾಗಿದ್ದೆ. ನನ್ನ ಕೈಯಡುಗೆ ಉಂಡು ಯಾರೂ ಸಮುದ್ರಕ್ಕೆ ಹಾರಿದ್ದಿಲ್ಲ. ಹೊಸ ಶತಮಾನ ಶುರುವಾದ ಮೂರ್ನಾಲ್ಕು ವರ್ಷಕ್ಕೆ ಕೆಲಸ ಬಿಟ್ಟು ಸದಾಶಿವಗಡದ ಮನೆಗೆ ಬಂದಾಗ ನನ್ನ ಜೊತೆ ಒಂದು ಚೀನೀ ಬಾಣಲೆ ಬಂತು, ಒಂದು ಪದಾರ್ಥ ಬಂತು. ತೆಳ್ಳಗೆ ಕೊಯ್ದ ಬೀಫ್, ಬೀನ್ಸ್, ಕ್ಯಾರೆಟ್, ದೊಣ್ಣೆಮೆಣಸು, ಮೇಲೆ ನಾಲ್ಕು ಹನಿ ಸೋಯಾ ಸಾಸ್. ಜೋರು ಉರಿಯಲ್ಲಿ ಮೂರೇ ನಿಮಿಷ ಹುರಿಯುವುದು. ಅಷ್ಟೇ.

ಅರ್ಧ ಕೆಲಸ

ಬಂದ ಮೊದಲ ಭಾನುವಾರ ಇಗರ್ಜಿಯಿಂದ ಮನೆಗೆ ಬಂದವನೇ ಹೇಳಿದೆ, "ಇವತ್ತು ಅಡುಗೆಮನೆ ನನ್ನದು."

ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ಎಂಬತ್ತು ದಾಟಿದ ಅತ್ತೆ ಮಣೆ ಹಾಕಿಸಿಕೊಂಡು ಒಲೆಯ ಪಕ್ಕದಲ್ಲೇ ಕೂತರು. ನಾನು ಬಾಣಲೆ ಕಾಯಿಸಿದೆ, ಮಾಂಸ ಹಾಕಿದೆ, ತರಕಾರಿ ಹಾಕಿದೆ, ನಾಲ್ಕು ಸಲ ಎಗರಿಸಿ ಇಳಿಸಿದೆ.

"ಆಯ್ತಾ?" ಅಂದಳು ಹೆಂಡತಿ.

"ಆಯ್ತು."

"ಮಸಾಲೆ ಅರೆದಿಲ್ಲ, ಕಾಯಿ ಹಾಕಿಲ್ಲ. ಎಂತಾ ಆಯ್ತು?"

"ತಿಂದು ನೋಡು, ಗೊತ್ತಾಗ್ತದೆ" ಅಂದು ಸ್ನಾನಕ್ಕೆ ಬಾವಿಕಟ್ಟೆಗೆ ಹೋದೆ. ಸ್ನಾನ ಮುಗಿಸಿ ಕೊನೆಯ ಕೊಡ ಸೇದುವಾಗ ಒಳಗಿನಿಂದ ಕುಕ್ಕರ್ ಕೂಗಿತು. ಓಡಿ ಬರುವಷ್ಟರಲ್ಲಿ ಇನ್ನೂ ಎರಡು ಕೂಗಿತ್ತು. ಮುಚ್ಚಳ ತೆಗೆದರೆ ಬೀನ್ಸ್ ಯಾವುದು, ಕ್ಯಾರೆಟ್ ಯಾವುದು ಅಂತ ಹುಡುಕುವ ಹಾಗಿರಲಿಲ್ಲ. ಎಲ್ಲ ಕಾಯಿಮಸಾಲೆಯಲ್ಲಿ ಮುಳುಗಿ ಕೆಂಪಗಾಗಿತ್ತು.

ಅತ್ತೆ ನನ್ನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡ ಮಗಾ. ನೀನು ಅರ್ಧ ಕೆಲಸ ಮಾಡಿ ಎದ್ದು ಹೋಗಿದ್ದೆ, ಉಳಿದದ್ದು ನಾವು ಮುಗಿಸಿದೆವು."

ಹೊಸ ಕೆಲಸ

ಈ ಅಡುಗೆಗೆ ಮಾಂಸವನ್ನು ಎಳೆಗೆ ಅಡ್ಡವಾಗಿ, ಬೆರಳಗಲದ ತೆಳು ಪಟ್ಟಿಯಾಗಿ ಕೊಯ್ಯಬೇಕು. ಕಾರವಾರದ ಮಾಂಸದಂಗಡಿಯವನಿಗೆ ಮೂರು ವಾರ ಇದನ್ನೇ ಹೇಳಿದೆ. ಮೂರು ವಾರವೂ ಅವನು ಎಲುಬು ಸೇರಿಸಿ ದಪ್ಪ ತುಂಡು ಹೊಡೆದುಕೊಟ್ಟ. ನಾಲ್ಕನೇ ವಾರ ಅವನಿಗೆ ಸಿಟ್ಟು ಬಂತು.

"ಅಷ್ಟು ಗೊತ್ತಿದ್ರೆ ಒಳಗೆ ಬಂದು ನೀವೇ ಕೊಯ್ಕೊಳ್ಳಿ ಅಣ್ಣಾ" ಅಂದ.

ನನಗೇನು ಹೆದರಿಕೆ? ಒಳಗೆ ಹೋದೆ, ಅವನ ಏಪ್ರನ್ ಕಟ್ಟಿಕೊಂಡೆ, ಕತ್ತಿ ಮಸೆದೆ, ಕೊಯ್ಯಲು ನಿಂತೆ. ಅವನು ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿ, "ಕೈ ಚಲೋ ಉಂಟು. ಒಂದು ಚಾ ಕುಡ್ಕೊಂಡು ಬರ್ತೆ" ಅಂದು ಹೋಗಿಯೇ ಬಿಟ್ಟ.

ಗಿರಾಕಿಗಳು ಬರತೊಡಗಿದರು. ಒಬ್ಬ ಹೆಂಗಸು ಅರ್ಧ ಕಿಲೋ ಕೇಳಿದಳು, ಕೊಟ್ಟೆ. ಎಲುಬಿಲ್ಲ ಅಂತ ಬೈದಳು, ಬೈಸಿಕೊಂಡೆ. ಐದನೇ ಗಿರಾಕಿ ಯಾರು ಅಂತ ತಲೆಯೆತ್ತಿದರೆ ನಮ್ಮ ಪಾದ್ರಿಗಳು. ಅವರು ನನ್ನ ಏಪ್ರನ್ ನೋಡಿದರು, ಕತ್ತಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಮನೆಯಲ್ಲಿ ಅಷ್ಟು ಕಷ್ಟ ಇದ್ರೆ ನನಗೆ ಒಂದು ಮಾತು ಹೇಳಬಾರದಿತ್ತಾ?"

ಎರಡನೇ ಪ್ರಶ್ನೆ

ಪಕ್ಕದ ಮನೆಯಲ್ಲಿ ಕನ್ನಡ ಶಾಲೆಯ ನಿವೃತ್ತ ಮಾಸ್ತರರಿದ್ದಾರೆ. ಅವರಿಗೆ ಮೀನು ಆಗುತ್ತದೆ, ಬೀಫ್ ಆಗುವುದಿಲ್ಲ. ಆದರೆ ನಮ್ಮ ಅಡುಗೆಮನೆಯ ಪರಿಮಳ ಬೇಲಿ ದಾಟುತ್ತಿತ್ತು. ಒಂದು ದಿನ ತಮ್ಮದೇ ಬಾಣಲೆ, ತಮ್ಮದೇ ಸಟ್ಟುಗ, ಸುಲಿದ ಸಿಗಡಿ, ಹೆಚ್ಚಿದ ತರಕಾರಿ ಎಲ್ಲ ಹಿಡಿದು ಬಂದರು.

"ಇದರಲ್ಲಿ ಮಾಡಿಕೊಡಿ. ನಾನು ನೋಡ್ತಾ ನಿಲ್ತೇನೆ."

ಮಾಡಿಕೊಟ್ಟೆ. ಅವರು ಕೈಗಡಿಯಾರ ಹಿಡಿದು ಪರೀಕ್ಷಾ ಕೊಠಡಿಯಲ್ಲಿದ್ದ ಹಾಗೆ ನನ್ನ ಸುತ್ತ ತಿರುಗಿದರು. ಬಿಸಿಬಿಸಿಯಾಗಿ ಮನೆಗೆ ಒಯ್ದರು. ಕಾಲು ಗಂಟೆಯಲ್ಲಿ ಖಾಲಿ ತಟ್ಟೆ ಹಿಡಿದು ವಾಪಸು ಬಂದು ಬೇಲಿಯಾಚೆ ನಿಂತರು.

"ಹೇಗಿತ್ತು ಮಾಸ್ತರ್ರೇ?"

"ಒಂದನೇ ಪ್ರಶ್ನೆಗೆ ಉತ್ತರ ಬಹಳ ಚಲೋ ಬರೆದಿದ್ದೀರಿ. ಎರಡನೆಯದನ್ನು ಬರೆದೇ ಇಲ್ಲ."

"ಎರಡನೆಯದು ಯಾವುದು?"

"ಅನ್ನಕ್ಕೆ ಎಂತಾ ಕಲಸ್ಕೊಳ್ಳೋದು? ನಮ್ಮವಳು ಕೇಳ್ತಾ ಕೂತಿದ್ದಾಳೆ."

ಅಂಕೋಲೆಯ ಹುಡುಗ

ಮಗಳಿಗೆ ಆಗ ಇಪ್ಪತ್ತಾರು. ಇಬ್ಬರು ಹುಡುಗರನ್ನು ನೋಡಿ ಬೇಡ ಅಂದಿದ್ದಳು. ಮೂರನೆಯ ಸಂಬಂಧ ಅಂಕೋಲೆಯಿಂದ ಬಂತು. ಸಂಬಂಧ ತಂದವನು "ಸರ್ಕಾರಿ ನೌಕರಿ" ಅಂದದ್ದು ಬಿಟ್ಟರೆ ಹೆಚ್ಚೇನೂ ಹೇಳಿರಲಿಲ್ಲ. ಅವರು ಬರುವ ದಿನದ ಅಡುಗೆ ನನ್ನದೇ ಅಂದೆ.

"ಇದೂ ತಪ್ಪಿದರೆ ನಿಮ್ಮ ಬಾಣಲೆ ಕಾಳಿ ನದಿಗೆ" ಅಂದಳು ಹೆಂಡತಿ.

"ಬಾಣಲೆಯಿಂದಲೇ ಸಂಬಂಧ ಕೂಡ್ತದೆ, ನೋಡ್ತಾ ಇರು" ಅಂದೆ ನಾನು.

ಹುಡುಗ, ಅವನ ಅಪ್ಪ, ಅಮ್ಮ ಬಂದರು. ಅಪ್ಪ ಕೈಕಟ್ಟಿ ಕೂತವರು ಏನು ಕೇಳಿದರೂ "ಹ್ಞೂಂ" ಅನ್ನುತ್ತಿದ್ದರು. ಹುಡುಗ ನೆಲ ನೋಡುತ್ತಿದ್ದ. ಮಗಳು ಚಹಾ ಕೊಟ್ಟು ಕಿಟಕಿಯಾಚೆ ನೋಡುತ್ತಾ ನಿಂತಳು. ಹೀಗೇ ಬಿಟ್ಟರೆ ಕೆಲಸ ಕೆಡುತ್ತದೆ ಅನ್ನಿಸಿತು. ಎಲ್ಲರನ್ನೂ ಜಗುಲಿಗೆ ಕರೆದು ಕೂರಿಸಿದೆ. ಅತ್ತೆಯ ಕುರ್ಚಿಯೂ ಅಲ್ಲೇ ಬಂತು. ದೊಡ್ಡ ಗ್ಯಾಸ್ ಒಲೆಯನ್ನು ಅಂಗಳದಲ್ಲಿಟ್ಟು ಬಾಣಲೆ ಏರಿಸಿದೆ.

ಮಾಂಸ ಬಿತ್ತು, ತರಕಾರಿ ಬಿತ್ತು. ಇನ್ನು ಹಡಗಿನ ಕೈಚಳಕ ತೋರಿಸಬೇಕು ಅಂತ ಬಾಣಲೆಯನ್ನು ಸ್ವಲ್ಪ ವಾಲಿಸಿದೆ. ಎಣ್ಣೆಗೆ ಉರಿ ತಾಗಿ ಬೆಂಕಿ ಭುಗ್ಗೆಂದು ಆಳೆತ್ತರ ಎದ್ದಿತು. ಹಡಗಿನಲ್ಲಾದರೆ ಇದಕ್ಕೆ ಚಪ್ಪಾಳೆ ಬೀಳುತ್ತಿತ್ತು.

ಇಲ್ಲಿ ಹುಡುಗ ಜಗುಲಿಯಿಂದ ಹಾರಿದ. ಸಿಲಿಂಡರ್ ಬಂದ್ ಮಾಡಿದ, ಬಾವಿಕಟ್ಟೆಯ ಮೇಲಿದ್ದ ಒದ್ದೆ ಗೋಣಿಚೀಲ ಎಳೆದು ಬಾಣಲೆಯ ಮೇಲೆ ಹಾಕಿದ. "ಎಲ್ಲರೂ ಹೊರಗೆ! ಹೊರಗೆ!" ಅಂತ ಕೂಗಿ ನನ್ನನ್ನು, ನನ್ನ ಹೆಂಡತಿಯನ್ನು, ಮಗಳನ್ನು, ಸ್ವಂತ ಅಪ್ಪ ಅಮ್ಮನನ್ನು ಗೇಟಿನಾಚೆ ರಸ್ತೆಗೆ ದಬ್ಬಿದ. ಮತ್ತೆ ಒಳಗೆ ಓಡಿ ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ.

ರಸ್ತೆಯಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೆವು. ಆಗ ಹುಡುಗನ ಅಪ್ಪ ಮೊದಲ ಸಲ ಪೂರ್ತಿ ಮಾತಾಡಿದರು. "ಇವನಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ. ಮನೆಯಲ್ಲಿ ಮೇಣದಬತ್ತಿ ಹಚ್ಚಬೇಕಾದರೂ ನಾವು ಇವನನ್ನು ಕೇಳಬೇಕು."

ಹುಡುಗನ ಕಿವಿ ಕೆಂಪಾಯಿತು. "ಅಂಕಲ್, ಅದು... ಬೇಕಂತಲೇ ಹಚ್ಚಿದ ಬೆಂಕಿಯಾ?"

"ಹೌದಪ್ಪಾ."

ಅಷ್ಟು ಹೊತ್ತು ತುಟಿ ಕಚ್ಚಿ ನಿಂತಿದ್ದ ಮಗಳಿಗೆ ಇನ್ನು ತಡೆಯಲಾಗಲಿಲ್ಲ. ಗೇಟು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳನ್ನು ನೋಡಿ ಅವನೂ ನಕ್ಕ. ಆಮೇಲೆ ಮಾತುಕತೆ, ಉಂಗುರ, ಮದುವೆ ಎಲ್ಲ ಕ್ರಮವಾಗಿ ಆದವು. ಆದರೆ ಸಂಬಂಧ ಕೂಡಿದ್ದು ಆ ಗೇಟಿನ ಹತ್ತಿರವೇ.

ಅವತ್ತು ಆ ನಗುವಿನ ಭರದಲ್ಲಿ ಹುಡುಗ ಅತ್ತೆಯನ್ನು ಕೆಳಗಿಳಿಸುವುದನ್ನೇ ಮರೆತಿದ್ದ. ನನ್ನ ಹೆಂಡತಿ ಗಾಬರಿಯಾಗಿ, "ಅಮ್ಮನನ್ನು ಇಳಿಸಪ್ಪಾ, ಕೈ ನೋಯ್ತದೆ" ಅಂದಳು.

ಅತ್ತೆ ಅವನ ಕೊರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ನಿನ್ನ ಅಪ್ಪ ಐವತ್ತು ವರ್ಷದಲ್ಲಿ ಒಂದು ದಿನ ನನ್ನನ್ನು ಹೀಗೆ ಎತ್ತಿಕೊಳ್ಳಲಿಲ್ಲ. ಮೊಮ್ಮಗಳು ಇವನನ್ನೂ ಬೇಡ ಅಂದರೆ ಮೊದಲು ನನಗೆ ಹೇಳು."