ಕೋಳಿ ಕೂತ ಕಾರಿನ ಹರಾಜು

ಎಲ್ಲ ರಗಳೆಗೂ ಕಾರಣ ಒಂದು ಮಿರ್ಚಿ ಭಜಿ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಬಂಡಿಯವನು ಭಜಿ ಕಟ್ಟಿಕೊಟ್ಟ ಪೇಪರಿನ ತುಂಡಿನಲ್ಲಿ, ಹಳೇ ಕಾರೊಂದು ಇಂಟರ್‌ನೆಟ್ ಹರಾಜಿನಲ್ಲಿ ಆರು ಲಕ್ಷಕ್ಕೆ ಹೋಯಿತು ಎಂಬ ಸುದ್ದಿಯಿತ್ತು. ಮನೆಯೊಳಗೆ ಉಳ್ಳಾಗಡ್ಡಿಯನ್ನೂ ಬಿಟ್ಟುಕೊಳ್ಳದ ರಘೂತ್ತಮರಾಯರು ಬಂಡಿಯ ಮರೆಯಲ್ಲಿ ನಿಂತು ಭಜಿ ತಿಂದದ್ದು ಇರಲಿ, ಅದು ಅವರಿಗೂ ದೇವರಿಗೂ ಬಿಟ್ಟ ವಿಚಾರ. ಆದರೆ ತಿಂದವರು ಕೈ ಒರೆಸಿ ಕಾಗದ ಬಿಸಾಡಬಾರದೇ? ಎಣ್ಣೆ ಹಿಂಡಿ, ಮಡಚಿ, ಕಿಸೆಯಲ್ಲಿಟ್ಟುಕೊಂಡರು. ಅಲ್ಲಿಗೆ ಅವರ ಬುದ್ಧಿ ಕೆಟ್ಟಿತು.

ರಾಯರು ಸರಕಾರಿ ಕಚೇರಿಯೊಂದರ ಗುಮಾಸ್ತರು. ಅವರ ಅಂಗಳದಲ್ಲಿ ಒಂದು ಮಾರಿಸ್ ಮೈನರ್ ಕಾರಿತ್ತು. ಅವರ ಅಜ್ಜ ಶಹಾಬಾದದ ಕಲ್ಲಿನ ಖಣಿಯ ಸಾಹುಕಾರನಲ್ಲಿ ಲೆಕ್ಕ ಬರೆಯುತ್ತಿದ್ದಾಗ ಆ ಪುಣ್ಯಾತ್ಮ ಬಾಕಿ ಸಂಬಳದ ಬದಲು ಅದನ್ನು ಅಜ್ಜನ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದ. ಈಗ ಟೈರುಗಳು ಮಣ್ಣು ಕೂಡಿ, ಗಾಡಿ ನಾಲ್ಕು ಫರ್ಸಿ ಕಲ್ಲುಗಳ ಮೇಲೆ ಕೂತಿತ್ತು. ಅದನ್ನು ಬಳಸುತ್ತಿದ್ದವೆಂದರೆ ಪಕ್ಕದ ಮನೆ ಹಮೀದಾಬಿಯ ಕೋಳಿಗಳು. ಅವು ಹಿಂದಿನ ಸೀಟಿನಲ್ಲಿ ರಾಜಾರೋಷವಾಗಿ ಮೊಟ್ಟೆ ಇಡುತ್ತಿದ್ದವು. ಹಮೀದಾಬಿ ದಿನಾ ಮುಂಜಾನೆ ಬಂದು ಮೊಟ್ಟೆ ಒಯ್ಯುವಾಗ ರಾಯರು ಮಡಿಪಂಚೆ ಎತ್ತಿಕೊಂಡು ಆಕಾಶ ನೋಡುತ್ತ ನಿಲ್ಲುತ್ತಿದ್ದರು.

ಗಾಡಿ ನಿಂತ ಜಾಗದ ಕೆಳಗೇ ನೀರಿದೆ ಎಂದು, ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನೀರು ನೋಡುವವನು ಹೇಳಿ ಹೋಗಿದ್ದ. ರಾಯರ ಹೆಂಡತಿ ಶ್ರೀವಾಣಿ ಮದುವೆಯಾಗಿ ಬಂದಂದಿನಿಂದ ಓಣಿಯ ಮೂಲೆಯ ನಳದಿಂದ ಕೊಡ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಕಾರು ಮಾರಿ ಬೋರು ಹಾಕಿಸುತ್ತೇನೆಂದು ರಾಯರು ಪ್ರತಿ ಬೇಸಿಗೆಯಲ್ಲೂ ಮಾತು ಕೊಟ್ಟಿದ್ದರು. ಮಾತಿಗೆ ಕಾಸು ಬೇಕಿಲ್ಲವಲ್ಲ.

ಎರಡು ಸಾವಿರದ ಏಳನೇ ಇಸವಿಯ ಆ ಮಾರ್ಚಿ ತಿಂಗಳ ಮುಂಜಾನೆ ಬೋರಿನ ಲಾರಿ ಓಣಿಯೊಳಗೇ ಬಂತು. ಹಮೀದಾಬಿಯ ಅಂಗಳದಲ್ಲಿ ಕೊರೆಯುವ ಸಪ್ಪಳಕ್ಕೆ ರಾಯರ ಮನೆಯ ತಾಟು ಬಟ್ಟಲುಗಳು ಗಡಗಡ ನಡುಗುತ್ತಿದ್ದವು.

“ಏನ್ರೀ, ಈ ಲಾರಿ ಸಂಜಿಗಿ ಚಿಂಚೋಳಿ ಕಡಿ ಹೋಗ್ತದಂತ. ಆಮ್ಯಾಲ ಮಳಿಗಾಲ ಮುಗಿಯೋತನ ಇತ್ತ ಬರಂಗಿಲ್ಲಂತ. ಇವತ್ತರ ಈ ಡಬ್ಬಿ ಸರಸ್ರಿ, ನಿಮ್ಮ ಕಾಲ ಬೀಳ್ತೀನಿ. ನನ್ನ ಸೊಂಟ ಇನ್ನೊಂದು ಬ್ಯಾಸಗಿ ತಡಿಯಂಗಿಲ್ಲ,” ಎಂದಳು ಶ್ರೀವಾಣಿ.

ಅಷ್ಟರಲ್ಲಿ ಹಮೀದಾಬಿಯ ಗಂಡ ಶಹಾಬುದ್ದೀನ ಗೋಡೆಯ ಮೇಲಿಂದ ಇಣುಕಿದ. ಮದುವೆಗಳಿಗೆ ಕುದುರೆ, ಲೈಟು ಬಾಡಿಗೆಗೆ ಕೊಡುವವನು ಅವನು. “ರಾಯರ, ನಲವತ್ತು ಸಾವಿರ ಅದ ನೋಡ್ರಿ, ಈಗಿಂದೀಗ ಕೈಯಾಗ ಇಡ್ತೀನಿ. ಹತ್ತು ಮಂದಿ ಕರದು ಗಾಡಿ ಎತ್ತಸ್ತೀನಿ. ದೂಲ್ಹಾ ಕುಂದ್ರಸ್ಲಿಕ್ಕ ನನಗೊಂದು ಗಾಡಿ ಆತು, ನಿಮ್ಮ ಮನಿ ಬಾಯಾರಿಗಿ ಬೋರ್ ಆತು.”

ರಾಯರು ನಕ್ಕರು. ಭಜಿಯ ಕಾಗದ ಓದಿದ ಮನುಷ್ಯ ಮಾತ್ರ ನಗಬಲ್ಲಂಥ ನಗು ಅದು. “ಶಹಾಬುದ್ದೀನಸಾಬ್, ಇದು ಇಂಟರ್‌ನೆಟ್ ಹರಾಜಿನ ಸವಾಲಿಗಿ ನಿಂತ ಗಾಡಿ. ಇವತ್ತ ಮೂರು ಗಂಟೆಕ್ಕ ಮುಗೀತದ. ಪುಣೆ, ಮುಂಬೈದ ದೊಡ್ಡ ದೊಡ್ಡ ಮಂದಿ ಕೂಗ್ಲಿಕತ್ತಾರ. ನಿಮ್ಮ ಬರಾತಿನ ಕುದುರಿ ಅಂತ ತಿಳದೀರೇನು ಇದನ್ನ?”

“ಕುದುರಿ ಓಡ್ತದ್ರಿ ರಾಯರ,” ಎಂದು ಶಹಾಬುದ್ದೀನ ಗೋಡೆಯಾಚೆ ಇಳಿದ.

ಶ್ರೀವಾಣಿಯ ಕಣ್ಣಲ್ಲಿ ನೀರು ಬಂತು. ರಾಯರಿಗೆ ಅದು ಕಾಣಲಿಲ್ಲ. ರಜೆಯ ಚೀಟಿ ಬರೆದಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು, ಸ್ವತಃ ಮದುಮಗನ ಹಾಗೆ ಹೊರಟರು.

ಬಸ್‌ಸ್ಟ್ಯಾಂಡಿನ ಹಿಂದಿನ ಆನಂದಕುಮಾರನ ನೆಟ್ ಸೆಂಟರ್ ಎಂದರೆ ಪ್ಲೈವುಡ್ಡಿನ ನಾಲ್ಕು ಗೂಡುಗಳು. ವಾರದ ಹಿಂದೆ ಗಾಡಿಯ ಫೋಟೋ ತೆಗೆದು ಹರಾಜಿಗೆ ಹಾಕಿಕೊಟ್ಟವನೂ ಅವನೇ. ಫೋಟೋದಲ್ಲಿ ಹಿಂದಿನ ಕಿಟಕಿಯಿಂದ ಕೆಂಪು ಕೋಳಿಯೊಂದು ಕತ್ತು ಚಾಚಿ ನೋಡುತ್ತಿತ್ತು. ಗಾಡಿಯ ಬಗ್ಗೆ ಅಲ್ಲಿಯವರೆಗೆ ಬಂದ ಪ್ರಶ್ನೆ ಒಂದೇ ಒಂದು. ‘ಕೋಳಿಯೂ ಸೇರಿಯೇ?’ ಎಂದು ಪುಣೆಯ ಯಾರೋ ಇಂಗ್ಲಿಷಿನಲ್ಲಿ ಕೇಳಿದ್ದರು. ರಾಯರು ನಾಲ್ಕು ಸಾಲಿನ ಉತ್ತರ ಬರೆಸಿ, ತಾವು ವೈಷ್ಣವರೆಂದೂ ಕೋಳಿ ನೆರೆಯವರದೆಂದೂ ಸ್ಪಷ್ಟಪಡಿಸಿದ್ದರು.

ಹನ್ನೊಂದಕ್ಕೆ ಬೆಲೆ ತೊಂಬತ್ತು ಸಾವಿರ ತಲುಪಿತ್ತು. ಕೂಗಿದವರ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ಎರಡನೇ ನಂಬರಿನವರು ಮುಂದಿದ್ದರು. “ಎರಡನೇ ನಂಬರ್ ನಮ್ಮ ಪುಣೆಯವ್ರೇ ಇರಬೇಕು,” ಎಂದರು ರಾಯರು, ಪುಣೆಯವರು ಸೋದರಮಾವನ ಮಕ್ಕಳೆಂಬಂತೆ.

ಸೇಡಂನಲ್ಲಿ ಒಬ್ಬನ ಗುಟ್ಟು ಊರ ಗುಟ್ಟು. ಗೂಡಿನ ಹಿಂದೆ ಒಂದು ಡಜನ್ ತಲೆಗಳು ಸೇರಿದವು. ಎಲ್ಲರಿಗಿಂತ ಮುಂದೆ ನರಸಪ್ಪ. ಓಣಿಯ ಗಣಪತಿ ಮಂಡಳಿಯ ಅಧ್ಯಕ್ಷ, ತೊಗರಿ ಬೆಳೆಯುವ ಕಟ್ಟುಮಸ್ತು ರೈತ. ಆ ಓಣಿಯಲ್ಲಿ ಗಣಪತಿಯ ಕೈಯ ಲಡ್ಡುವಿಗೆ ಕೊನೆಯ ದಿನ ಸವಾಲು ನಡೆಯುತ್ತದೆ. ಗೆದ್ದವನು ಹಲಗಿ ಬಾರಿಸಿಕೊಂಡು ಲಡ್ಡುವನ್ನು ಅಂದೇ ಮನೆಗೆ ಒಯ್ಯುತ್ತಾನೆ. ರೊಕ್ಕ ಮಾತ್ರ ಮುಂದಿನ ವರ್ಷದ ಗಣಪತಿಗೆ. ಅಲ್ಲಿ ಸವಾಲು ಏರಿಸುವುದೇ ದೊಡ್ಡಸ್ತಿಕೆ, ಆ ದೊಡ್ಡಸ್ತಿಕೆಯನ್ನು ನರಸಪ್ಪ ಯಾರಿಗೂ ಬಿಟ್ಟುಕೊಟ್ಟವನಲ್ಲ.

“ಏನ್ರಿ ರಾಯರ ಇದು, ಹೆಣದ ಮುಂದ ಕುಂತಂಗ ಕುಂತೀರಿ? ಸವಾಲಂದ್ರ ಯಾರರ ಒದರಬೇಕಲ್ಲ!” ಎಂದ ನರಸಪ್ಪ. “ನಾ ಒಂದು ಮಾತು ಕೂಗ್ಲೇನು? ನಮ್ಮ ಓಣಿ ಗಾಡಿ, ಸಸ್ತಾದಾಗ ಹೋದ್ರ ನಮಗೂ ಮರ್ಯಾದಿ ಅಲ್ಲ.”

ರಾಯರು ಕನ್ನಡಕದ ಮೇಲಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನರಸಪ್ಪ, ಇದು ಗಣಪತಿ ಲಡ್ಡು ಅಲ್ಲಪ್ಪ. ಇಲ್ಲಿ ಒದರಿದ್ರ ರೊಕ್ಕ ಎಣಸಬೇಕಾಗ್ತದ. ಇದು ನಿಮ್ಮಂಥವರ ಆಟ ಅಲ್ಲ. ಹಿಂದ ಸರಿ, ಸ್ಕ್ರೀನ್ ಮ್ಯಾಲ ನೆರಳು ಬೀಳ್ಲಿಕತ್ತದ.”

ಎಲ್ಲರೂ ಕಿಸಕ್ಕನೆ ನಕ್ಕರು. ನರಸಪ್ಪನ ಮುಖ ಕರ್ರಗಾಯಿತು. ತಲೆಯ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ರಾಯರಿಗೆ ಅದು ಸೊಳ್ಳೆ ಹಾರಿಹೋದಷ್ಟೂ ಲಕ್ಷ್ಯಕ್ಕೆ ಬರಲಿಲ್ಲ.

ಹನ್ನೆರಡಕ್ಕೆ ರಾಯರ ಮೊಬೈಲು ಬಡಿದುಕೊಂಡಿತು. ಕೋಳಿಯ ಬಗ್ಗೆ ಕೇಳಿದ್ದ ಪುಣೆಯವರೇ, ಡಾಕ್ಟರೊಬ್ಬರು, ಹಿಂದಿಯಲ್ಲಿ ಮಾತಾಡಿದರು. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಈಗಲೇ ಮುಗಿಸೋಣ, ಬೇರೆ ಕಡೆ ಇನ್ನೊಂದು ಗಾಡಿಯೂ ಕಣ್ಣಲ್ಲಿದೆ ಎಂದರು. ರಾಯರು ತಮ್ಮ ಕಚೇರಿಯ ಹಿಂದಿಯಲ್ಲಿ, ಹರಾಜೆಂದರೆ ಹರಾಜು, ನಡುವೆ ವ್ಯವಹಾರ ಮಾಡುವುದು ತಮ್ಮ ಮನೆತನದಲ್ಲಿಲ್ಲ ಎಂದು ಹೇಳಿ ಫೋನಿಟ್ಟರು. “ನೋಡಿದ್ರೇನು? ಹೆದರ್ಯಾನ!” ಎಂದು ಸುತ್ತಲಿನವರಿಗೆ ಕಣ್ಣು ಮಿಟುಕಿಸಿದರು.

ಒಂದು ಗಂಟೆಗೆ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಇಲ್ಲವೆಂದ ಆನಂದಕುಮಾರ. ಪಂಪಿನಲ್ಲಿ ಲಾರಿಗಳ ಸಾಲು. ರಾಯರಿಗೆ ಬೋರಿನ ಲಾರಿ ನೆನಪಾಯಿತು. ಕ್ಯಾನು ಹಿಡಿದು ಬಿಸಿಲಲ್ಲಿ ಓಡಿದರು. ಓಣಿಯಲ್ಲಿ ಗಂಡ ಓಡಿಬರುವುದನ್ನು ಕಂಡ ಶ್ರೀವಾಣಿಯ ಮುಖ ಅರಳಿತು.

“ಬಂದ್ರೇನು! ಭಾಬಿ ಮನ್ಯಾಗ ನೀರು ಬಿತ್ತು, ಲಾರಿಯವ್ರು ಊಟಕ್ಕ ಕುಂತಾರ. ಶಹಾಬುದ್ದೀನಣ್ಣಗ ಕರೀಲೇನು?”

“ಡೀಸೆಲಿಗಿ ಬಂದೀನಿ,” ಎಂದರು ರಾಯರು ಏದುಸಿರು ಬಿಡುತ್ತ. ಡ್ರೈವರನಿಗೆ ಪೆಟ್ರೋಲಿನ ರೇಟು ಕೊಟ್ಟು ಡೀಸೆಲ್ ತುಂಬಿಸಿಕೊಂಡು, ಇಸ್ತ್ರಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಬಂದ ದಾರಿಯಲ್ಲೇ ಓಡಿದರು. ಶ್ರೀವಾಣಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕಾರನ್ನೇ ನೋಡುತ್ತ ನಿಂತಳು. ಎಂಥ ಗಂಡ ಎಂದು ಯಾರಾದರೂ ಕೇಳಬೇಕಿತ್ತು. ಓಣಿಯಲ್ಲಿ ಆಗ ಯಾರೂ ಇರಲಿಲ್ಲ, ಎಲ್ಲರೂ ನೆಟ್ ಸೆಂಟರಿನಲ್ಲಿದ್ದರು.

ಜನರೇಟರ್ ಶುರುವಾಗಿ, ರಾಯರು ಕೈಯ ಡೀಸೆಲ್ ತೊಳೆದುಕೊಂಡು ಬರುವಷ್ಟರಲ್ಲಿ ಸ್ಕ್ರೀನ್ ಬೆಳಗಿತ್ತು. ರಾಯರು ಕಣ್ಣುಜ್ಜಿಕೊಂಡರು. ಬೆಲೆ ಒಂದು ಲಕ್ಷ ಎಂಬತ್ತು! ಹೊಸದಾಗಿ ಐದನೇ ನಂಬರಿನವರೊಬ್ಬರು ಬಂದಿದ್ದರು. ಎರಡನೇ ನಂಬರು ಎರಡು ಲಕ್ಷ ಎಂದಿತು. ಐದನೇ ನಂಬರು ಎರಡೂವರೆ ಎಂದಿತು. ಎರಡನೇ ನಂಬರು ಸುಮ್ಮನಾಯಿತು. ಮುಂದೆ ಯಾರೂ ಇಲ್ಲ. ಆದರೂ ಮೂರು ಗಂಟೆಗೆ ಮುಂಚೆ ಐದನೇ ನಂಬರು ತನ್ನ ಮೇಲೆ ತಾನೇ ಏರಿಸಿ ಮೂರು ಲಕ್ಷ ಮಾಡಿ ಕೂತಿತು.

“ಮುಂಬೈ ಸೇಠ!” ಎಂದು ಕಿರುಚಿದರು ರಾಯರು. “ರೊಕ್ಕದ ಖಬರೇ ಇಲ್ಲ ಅವನಿಗಿ! ಇದಕ್ಕಂತಾರ ದೊಡ್ಡ ಮಂದಿ ಅಂತ!”

ಗೆದ್ದವರ ಹೆಸರು ಬರಲು ಒಂದು ತಾಸು ಬೇಕಿತ್ತು. ತಾಸು ಕಾಯುವ ಮನುಷ್ಯರೇ ಅವರು? ಮೊದಲು ಮನೆಗೆ ಫೋನ್ ಹಚ್ಚಿದರು. “ಶ್ರೀವಾಣಿ, ಗಾಡಿ ಹೊರಗ ಎಳಸು, ಬೋರ್ ಹೊಡಸು! ಎಷ್ಟು ಫೂಟರ ಹೋಗ್ಲಿ, ರೊಕ್ಕ ಸಂಜಿಗಿ ಕೊಡ್ತೀನಿ ಅಂತ ಹೇಳು!” ಆಮೇಲೆ ಪೇಢೆ ಕೊಂಡು ಕಚೇರಿಗೆ ಹೋದರು. ಎಲ್ಲ ಟೇಬಲ್ಲಿಗೂ ಪೇಢೆ ಹಂಚಿ, ಸಾಹೇಬರ ಎದುರಿನ ಕುರ್ಚಿಯಲ್ಲಿ ಹೇಳಿಸಿಕೊಳ್ಳದೆ ಕೂತು, ಹಳೇ ಗಾಡಿಗಳ ಬೆಲೆ ತಿಳಿಯಲು ಎಂಥ ಸಂಸ್ಕಾರ ಬೇಕು ಎಂದು ಉಪನ್ಯಾಸ ಕೊಟ್ಟರು.

ಐದು ಹೊಡೆದ ಮೇಲೆ ತಿರುಗಿ ಬಂದಾಗ ಆನಂದಕುಮಾರ ತಲೆ ಕೆರೆಯುತ್ತಿದ್ದ. ಸ್ಕ್ರೀನಿನ ಮೇಲೆ ಹೆಸರು ಬಂದಿತ್ತು: ನರಸಪ್ಪ, ಸೇಡಂ.

“ಬಾಜೂ ಗೂಡಿನಾಗೇ ಕುಂತು ಕೂಗ್ಯಾನ್ರಿ,” ಎಂದ ಆನಂದಕುಮಾರ. “ನೀವು ಡೀಸೆಲಿಗಿ ಹೋದಾಗ ಬಂದ. ಜನರೇಟರ್ ಶುರುವಾದ ಕೂಡ್ಲೆ ಅಕೌಂಟ್ ತೆಗಿ ಅಂದ, ತೆಗದೆ. ನೀವು ಕೈ ತೊಳಕೊಂಡು ಬರೂದ್ರಾಗ ಕೂಗ್ಲಿಕ್ಕ ಶುರು ಹಚ್ಕೊಂಡ. ಗಿರಾಕಿಗಿ ಬ್ಯಾಡ ಅನ್ನಂಗ ಅದ ಏನ್ರಿ? ಮೂರು ಹೊಡೀತಿದ್ದಂಗ ಮೋಟರ್‌ಸೈಕಲ್ ಕಿಕ್ ಹೊಡದು ಹ್ವಾದ.”

“ರೊಕ್ಕ?” ಎಂದರು ರಾಯರು, ಕ್ಷೀಣವಾಗಿ.

ಹಿಂದಿನಿಂದ ಯಾರೋ ಹೇಳಿದರು: “ಮುಂದಿನ ಗಣಪತಿಗೀ!” ನೆಟ್ ಸೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಾಯರು ಪುಣೆಗೆ ಫೋನ್ ಹಚ್ಚಿದರು. ಡಾಕ್ಟರು ಇನ್ನೊಂದು ಗಾಡಿ ಕೊಂಡಾಗಿತ್ತು. ‘ಕೋಳಿಗೆ ನಮಸ್ಕಾರ ಹೇಳಿ’ ಎಂದು ಫೋನಿಟ್ಟರು.

ರಾಯರು ಮನೆಗೆ ಓಡಿದರು. ಆ ಹೊತ್ತಿಗೆ ಕಾರು ರಸ್ತೆಯ ಮೇಲಿತ್ತು, ಕೋಳಿಗಳು ಅದರ ಮೇಲಿದ್ದವು. ಅಂಗಳದಲ್ಲಿ ಆಳುದ್ದ ನೀರು ಚಿಮ್ಮುತ್ತಿತ್ತು. ಶ್ರೀವಾಣಿ ಸೀರೆ ಎತ್ತಿ ಕಟ್ಟಿ, ಕೊಡ, ಹಂಡೆ, ಪಾತೇಲಿ, ಕೊನೆಗೆ ಒಗ್ಗರಣೆ ಬಟ್ಟಲಿನಲ್ಲೂ ನೀರು ಹಿಡಿಯುತ್ತಿದ್ದಳು. ನಗುತ್ತಿದ್ದಳು, ಅಳುತ್ತಿದ್ದಳು. ಬೋರಿನವನು ಮಾತ್ರ ನಗದೆ ಕೈ ಚಾಚಿ ನಿಂತಿದ್ದ. ಮೂವತ್ತು ಸಾವಿರ, ಈಗಲೇ, ಇಲ್ಲದಿದ್ದರೆ ಕೇಸಿಂಗ್ ಪೈಪು ಕಿತ್ತುಕೊಂಡು ಹೋಗುತ್ತೇನೆಂದ.

ರಾಯರು ಗೋಡೆಯ ಬಳಿ ಹೋದರು. “ಶಹಾಬುದ್ದೀನಭಾಯಿ,” ಎಂದರು. ಮುಂಜಾನೆಯ ಸಾಬ್ ಸಂಜೆಗೆ ಭಾಯಿ ಆಗಿದ್ದ. “ಆ ನಲವತ್ತು...”

“ಮುಂಜಾನಿ ಗಾಡಿ ಕಲ್ಲಿನ ಮ್ಯಾಲಿತ್ರಿ, ಈಗ ನಡುರಸ್ತ್ಯಾಗ ಅದ. ಮೂವತ್ತು,” ಎಂದ ಶಹಾಬುದ್ದೀನ. ನೆರೆಹೊರೆ ಎಂದರೆ ಇದೇ. ಗೆದ್ದವನು ಯಾರೆಂದು ಅಷ್ಟರಲ್ಲಿ ಓಣಿಗೆಲ್ಲ ತಿಳಿದಿತ್ತು. ನರಸಪ್ಪನಿಗೆ ಒಂದು ಮಾತು ಕೇಳಿ ನೋಡಿ ಎಂದಳು ಶ್ರೀವಾಣಿ. “ಆ ಲಡ್ಡು ಸಾಹುಕಾರಗ ಏನ್ ಕೇಳ್ತಿ? ಅವನ ಹಣೇಬಾರಕ್ಕ ಮೂರು ಲಕ್ಷ ಕಂಡಾನೇನು?” ಎಂದು ಗದರಿ, ಗಾಡಿಯ ಕಾಗದಗಳಿಗೆ ಸಹಿ ಹಾಕಿಕೊಟ್ಟರು. ಮೂವತ್ತು ಸಾವಿರ ಶಹಾಬುದ್ದೀನನ ಕೈಯಿಂದ ನೇರ ಬೋರಿನವನ ಕೈಗೆ ಹೋಯಿತು.

ಲಾರಿ ಓಣಿ ದಾಟುವ ಹೊತ್ತಿಗೆ ಆ ಕಡೆಯಿಂದ ಹಲಗಿಯ ಸಪ್ಪಳ ಕೇಳಿಸಿತು. ಮುಂದೆ ಹಲಗಿಯವರು, ಹಿಂದೆ ಇಡೀ ಓಣಿ, ನಡುವೆ ನರಸಪ್ಪ. ಹಣೆಗೆ ಗುಲಾಲು, ಕೈಯಲ್ಲಿ ಚೆಂಡು ಹೂವಿನ ದಪ್ಪ ಹಾರ, ಬಗಲಲ್ಲಿ ತೊಗರಿಯ ಚೀಲ. ಚೀಲದಲ್ಲಿ ತೊಗರಿ ಇರಲಿಲ್ಲ, ನೋಟಿನ ಕಟ್ಟುಗಳಿದ್ದವು.

“ಮೂರು ಲಕ್ಷ ಎಣಸ್ಕೋರಿ ರಾಯರ,” ಎಂದ. “ಗಾಡಿ ಕೊಡ್ರಿ, ಮೆರವಣಿಗಿ ಮಾಡಿ ಒಯ್ತೀನಿ.”

“ಮುಂದಿನ... ಗಣಪತಿಗಿ ಅಲ್ಲೇನು?” ಎಂದರು ರಾಯರು.

“ಅದು ದೇವರ ಸವಾಲ್ರಿ. ದೇವ್ರು ಒಂದು ವರ್ಷ ತಡೀತಾನ. ಮನುಷ್ಯಾರ ರೊಕ್ಕ ಯಾರರ ಇಟ್ಕೋತಾರೇನು? ರೇಟ್ ಏರ್ಲಿ ಅಂತ ಎರಡು ವರ್ಷದ ತೊಗರಿ ಇಟ್ಟಿದ್ದೆ. ನೀವು ನಾಕು ಮಂದ್ಯಾಗ ನಿಮ್ಮಂಥವ್ರು ಅಂದ್ರಲ್ಲ, ಅಡತಿ ಅಂಗಡಿಗಿ ಹೋಗಿ ಸಿಕ್ಕ ರೇಟಿಗಿ ಎಲ್ಲಾ ಒಗದು ಬಂದೀನಿ.”

ಶಹಾಬುದ್ದೀನ ಗೋಡೆ ಹಾರಿ ಬಂದ. ಕೈಯಲ್ಲಿ ಕಾಗದಗಳಿದ್ದವು. “ನರಸಪ್ಪಣ್ಣ, ಗಾಡಿ ಈಗ ನಂದದ ನೋಡು.”

ನರಸಪ್ಪ ಕಾಗದ ನೋಡಿದ, ರಾಯರ ಮುಖ ನೋಡಿದ. ಹುಚ್ಚನಿಗೆ ಹುಚ್ಚನ ಮರ್ಯಾದೆಯೇ ದೊಡ್ಡದು. “ಸವಾಲ್ ಕೂಗಿದ್ದು ಗಾಡಿಗಿ, ಮನುಷ್ಯಾಗಲ್ಲ. ಒಮ್ಮೆ ಕೂಗಿದ್ದು ನಾ ಇಳಸಂಗಿಲ್ಲ. ಗಾಡಿ ಯಾರದೋ ರೊಕ್ಕ ಅವ್ರದು,” ಎಂದು ಹಾರವನ್ನು ಶಹಾಬುದ್ದೀನನ ಕೊರಳಿಗೆ ಹಾಕಿ, ಚೀಲ ಅವನ ಕೈಗಿಟ್ಟ. ಹಲಗಿ ಜೋರಾಯಿತು. ಇಪ್ಪತ್ತು ಮಂದಿ ಕಾರಿಗೆ ಹೆಗಲು ಕೊಟ್ಟರು. ಹಮೀದಾಬಿ ಕೋಳಿ ಹಿಡಿಯಲು ಹಿಂದೆ ಓಡಿದಳು.

ರಾಯರು ಕಟ್ಟೆಯ ಮೇಲೆ ಕುಸಿದು ಕೂತರು. ಶ್ರೀವಾಣಿ ಒಳಗಿನಿಂದ ತಂಬಿಗೆ ತುಂಬ ನೀರು ತಂದು, ಅವರ ಕೈಗೆ ಕೊಡದೆ ಒಂದು ಕ್ಷಣ ಹಿಡಿದೇ ನಿಂತಳು.

“ಕುಡೀರಿ,” ಎಂದಳು. “ಚೆಲ್ಲಬ್ಯಾಡ್ರಿ ಮತ್ತ. ಮೂರು ಲಕ್ಷದ್ದದ.”