ಇನ್ನೂರ ಹದಿನಾಲ್ಕು ಹಾದಿಗಳ ಮಹಾಯುದ್ಧ

ಮಾಗಿಯ ಇಬ್ಬನಿ ಕಬ್ಬಿನ ಸೋಗೆಯ ಮೇಲಿಂದ ಇನ್ನೂ ಆರದಿದ್ದ, ಅವರೆಕಾಯಿಯ ಸೊಗಡು ಪ್ರತಿ ಒಲೆಯ ಮೇಲೂ ಏಕಚಕ್ರಾಧಿಪತ್ಯ ನಡೆಸುತ್ತಿದ್ದ ಆ ಪುಣ್ಯಕಾಲದಲ್ಲಿ. ಮನುಷ್ಯನ ಹತ್ತು ಬೆರಳುಗಳಲ್ಲಿ ಎಂಟು ನಿರುದ್ಯೋಗಿಗಳಾಗಿ, ಎರಡು ಹೆಬ್ಬೆರಳುಗಳೇ ಸಕಲ ಪರಾಕ್ರಮವನ್ನೂ ವಹಿಸಿಕೊಂಡಿದ್ದ ಆ ಅಂಗುಷ್ಠಯುಗದಲ್ಲಿ. ನಾಲೆಯ ಮೊದಲ ತೂಬಿನ ನೀರುಂಡು ಕೊಬ್ಬಿದ ತೂಬಿನಕೊಪ್ಪಲೆಂಬ ಗ್ರಾಮದಲ್ಲಿ, ಇಕ್ಷುರಸಸಾಗರಮಥನನೂ ಮಡ್ಡಿಸಂಹಾರಕನೂ ಸಪ್ತದಶಪಥನಿರ್ಮಾತೃವೂ ಆದ ಬೆಟ್ಟಸ್ವಾಮಿಯೆಂಬ ವೀರನು ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ಕಾಯುತ್ತಿದ್ದನು. ವಾಗ್ದೇವಿಯೇ, ದೊಡ್ಡವರ ಯುದ್ಧಗಳನ್ನು ಹಾಡಿಸಿ ದಣಿದಿದ್ದರೆ ಇತ್ತ ಬಾ. ಸಿಪ್ಪೆಯ ರಾಶಿಯ ಮೇಲೆ ಕುಳಿತು ಒಂದು ಲೋಟ ಕಬ್ಬಿನ ಹಾಲು ಕುಡಿ. ಕುಡಿದಾದ ಮೇಲೆ ಈ ಕಥೆಗೆ ನಾಲ್ಕು ಮಾತು ಕೊಟ್ಟು ಹೋಗು.

ಸಪ್ತದಶಪಥವೆಂದರೆ ಹದಿನೇಳು ಹಾದಿ. ಅವು ನೆಲದ ಮೇಲಿಲ್ಲ, ಮೊಬೈಲಿನೊಳಗಿವೆ. ಗಾಡಿ ಓಡಿಸುವ ಆಟವೊಂದರಲ್ಲಿ ಓಟದ ಹಾದಿಗಳನ್ನು ಆಡುವವರೇ ಕಟ್ಟಬಹುದು. ಕಟ್ಟಿದ ಹಾದಿಗೆ ಆಟವು ಎಂಟಕ್ಷರದ ಸಂಕೇತವೊಂದನ್ನು ದಯಪಾಲಿಸುತ್ತದೆ. ಸಂಕೇತ ಗೊತ್ತಿದ್ದವರಿಗಷ್ಟೇ ಹಾದಿ ತೆರೆಯುವುದು. ನಾಲೆಯ ಉದ್ದಕ್ಕೂ ಇರುವ ಆರು ಹಳ್ಳಿಗಳ ನಲವತ್ತೆರಡು ಮಂದಿ ಹೀಗೆ ಇನ್ನೂರ ಹದಿನಾಲ್ಕು ಹಾದಿಗಳನ್ನು ಕಟ್ಟಿ, ಸಂಕೇತಗಳನ್ನು ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಗುಲಾಬಿಗಳ ನಡುವೆ ಎರಚಿ, ಬೇಕಾದಾಗ ಒಂದೂ ಸಿಗದೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಪ್ರಜೆಗಳ ಈ ಗೋಳನ್ನು ಕಂಡು ಕರಗಿದ ಬೆಟ್ಟಸ್ವಾಮಿ, ಎಲ್ಲರೂ ತೆರೆದು ತಿದ್ದಬಹುದಾದ ಒಂದು ಶೀಟನ್ನು ರಚಿಸಿದನು. ಎಡಗಡೆ ಹಾದಿಯ ಹೆಸರು, ಬಲಗಡೆ ಅದರ ಸಂಕೇತ.

ಯಾರ ಹಾದಿ ಮೊದಲು ಬರಬೇಕು ಎಂಬುದೊಂದೇ ಉಳಿದದ್ದು. ನಾಲ್ಕು ದಿನ ಯೋಚಿಸಿದ. ಅಕಾರಾದಿ ಅವನಿಗೆ ಹೊಳೆಯಲಿಲ್ಲ, ಹುಟ್ಟಿದ ತಾರೀಖೂ ಹೊಳೆಯಲಿಲ್ಲ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹೊಡೆದಾಡಿದ್ದು ಒಂದೇ ಕ್ರಮಕ್ಕಾಗಿ: ನೀರಿನ ಸರದಿ. ಮೊದಲ ತೂಬಿಗೆ ಮೊದಲು, ಕೊನೆಯ ತೂಬಿಗೆ ಕೊನೆಗೆ. ಅದೇ ಸರದಿಯ ಅಂಕಿಯನ್ನು ಪ್ರತಿ ಹೆಸರಿನ ಮುಂದೂ ಬರೆದು ಶೀಟನ್ನು ಜೋಡಿಸಿದ. ಒಂದರಿಂದ ಹದಿನೇಳರವರೆಗೆ ಅವನ ಹಾದಿಗಳೇ ಬಂದವು. ಅದರಲ್ಲಿ ತನ್ನ ತಪ್ಪೇನೂ ಇಲ್ಲ, ನಾಲೆ ಹಾಗೆ ಹರಿಯುತ್ತದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದನು.

ಇನ್ನೂರ ಹದಿನಾಲ್ಕನೆಯ ಸಾಲಿನಲ್ಲಿ, ನಾಲೆ ಸೊರಗಿ ಮಣ್ಣಿಗಿಂಗುವ ಎಲೆಗನಕುಪ್ಪೆಯಲ್ಲಿ, ಸೂಚೀಧನುರ್ಧರೆಯೂ ಕುಪ್ಪಸವಿನ್ಯಾಸವಿಶಾರದೆಯೂ ಆದ ಕಲಾವತಿ ಇದ್ದಳು. ಬಟ್ಟೆ ಹೊಲಿಯುವವಳು, ಬೆಟ್ಟಸ್ವಾಮಿಗಿಂತ ಆರೇಳು ವರ್ಷ ಹಿರಿಯಳು. ಮಿಷಿನ್ನಿನ ಮುಂದೆ ಕುಳಿತು, ಬಿಡುವಾದಾಗಲೆಲ್ಲ ಒಂದೊಂದು ತಿರುವು ಸೇರಿಸುತ್ತ, ಮೂರು ತಿಂಗಳಲ್ಲಿ ಅವಳು ಕಟ್ಟಿದ್ದು ಒಂದೇ ಹಾದಿ, ಹೆಸರು ‘ಕೊನೇ ತೂಬು’. ಬಿರುಕು ಬಿಟ್ಟ ನಾಲೆಯ ತಳದಲ್ಲಿ ಓಟ, ಅದರ ಮೇಲೆ ಅಲ್ಲಲ್ಲಿ ಒಂದೇ ಹಲಗೆಯ ಸೇತುವೆ. ಆದರೆ ಹೊಸದಾಗಿ ಕಟ್ಟಿದ ಹಾದಿಯಲ್ಲಿ ಒಂದು ತಿಂಗಳೊಳಗೆ ನಲವತ್ತು ಬೇರೆ ಬೇರೆ ಮಂದಿ ಗುರಿ ಮುಟ್ಟದಿದ್ದರೆ ಆಟವೇ ಅದನ್ನು ಅಳಿಸಿಹಾಕುತ್ತದೆಂದು ಆಗಷ್ಟೇ ನಿಯಮ ಬಂದಿತ್ತು. ಶನಿವಾರ ಸಾಯಂಕಾಲ ನಾಲ್ಕಕ್ಕೆ ಗಡುವು. ಬುಧವಾರಕ್ಕೆ ಗುರಿ ಮುಟ್ಟಿದ್ದವರು ಹನ್ನೊಂದು ಮಂದಿ. ಇನ್ನೂರ ಹದಿನಾಲ್ಕನೆಯ ಸಾಲಿನತನಕ ಹೆಬ್ಬೆರಳು ಸವೆಸುವವರು ಯಾರು?

ಬುಧವಾರ ಬೆಳಿಗ್ಗೆ ಗುಂಪಿನಲ್ಲಿ ಅವಳ ದನಿ ಮೊಳಗಿತು: “ಬೆಟ್ಟಸ್ವಾಮಿ, ನಮ್ಗೆ ನೀರೂ ಕೊನೇಲಿ, ನಿನ್ ಪಟ್ಟೀಲೂ ಕೊನೇಲಾ? ತಲೆಕೆಳಗೆ ಮಾಡಪ್ಪ ಅದ್ನ. ನಾಲಕ್ಕು ದಿನ ಸಾಕು ನಂಗೆ.”

ಅದನ್ನು ಕೇಳಿದ ವೀರನ ಕಣ್ಣುಗಳು ಒಲೆಯ ಬಾಯಿಗಿಂತ ಕೆಂಪಾದವು. ‘ಎಲೌ ಕತ್ತರಿಧಾರಿಣಿ! ಹಿಮಗಿರಿ ಕರಗಿ ನೀರಾಗಲಿ, ಸೂರ್ಯನು ಪಡುವಲಲ್ಲಿ ಮೂಡಲಿ; ಕೆಳಗಿನ ನೀರು ಮೇಲಕ್ಕೆ ಹರಿದುದನ್ನು ಈ ಭೂಮಂಡಲವು ಎಂದಾದರೂ ಕಂಡಿದೆಯೇ? ನನ್ನ ಹೆಬ್ಬೆರಳಿನಲ್ಲಿ ಉಸಿರಿರುವ ತನಕ ಮೊದಲ ತೂಬೇ ಮೊದಲು!’ ಎಂದು ಅವನ ಹೃದಯವು ಗರ್ಜಿಸಿತು. ಬಾಯಿ ಮಾತ್ರ, “ಅದೆಂಗಾಯ್ತದೆ ಕಣಕ್ಕ, ಸರದಿ ಅಂದ್ರೆ ಸರದಿ” ಎಂದಿತು, ಕೈ ಫೋನನ್ನು ಸೊಂಟಕ್ಕೆ ಸಿಕ್ಕಿಸಿತು.

“ಸರದಿ ಮಾತಾಡ್ತೀಯಾ?” ಎಂದಳು ಕಲಾವತಿ. “ನಿನ್ ಹದಿನೇಳ್ರಲ್ಲೂ ಓಡಿ ಮುಗ್ಸಿದ್ದೀನಿ, ಲೆಕ್ಕ ತೆಗಿ. ನಾಟಿಗೆ ಮುಯ್ಯಾಳು ಕರೆದ್ರೆ ಅವ್ರ ಗದ್ದೆಗೆ ತಿರುಗಿ ಹೋಗಲ್ವಾ ನೀನು? ನಂದ್ರಲ್ಲಿ ಎಷ್ಟು ಸಲ ಓಡಿದ್ದೀಯ?”

ಒಂದು ಸಲವೂ ಓಡಿರಲಿಲ್ಲ. ಇದಕ್ಕೆ ಉತ್ತರವಾಗಿ ವೀರನು ಸೌಟಾಯುಧವನ್ನೆತ್ತಿ ಕೊಪ್ಪರಿಗೆಯತ್ತ ತಿರುಗಿದನು.

ಆಗ ಆರಂಭವಾಯಿತು ಆ ಘೋರ ಸಮರ. ಕಲಾವತಿ ಒಂದು ರವಿಕೆಗೆ ಕಾಜಾ ಹೊಲಿದು ಎದ್ದು, ಶೀಟನ್ನು ತಲೆಕೆಳಗು ಮಾಡಿದಳು. ಬೆಟ್ಟಸ್ವಾಮಿ ಪಾಕದ ಮೇಲೆ ತೇಲುವ ಮಡ್ಡಿಯನ್ನು ಒಂದು ಸೌಟು ತೆಗೆದು, ಮತ್ತೆ ತಲೆ ಮೇಲು ಮಾಡಿದನು. ಅವಳು ಲಂಗಕ್ಕೆ ಲಾಡಿ ಪೋಣಿಸಿ ತಿರುಗಿಸಿದಳು. ಅವನು ಒಲೆಗೆ ಸಿಪ್ಪೆ ನೂಕಿ ತಿರುಗಿಸಿದನು. ಕ್ಷಣಕ್ಕೊಮ್ಮೆ ಆಕಾಶ ಕೆಳಗಾಗಿ ಪಾತಾಳ ಮೇಲಾಗುತ್ತಿದ್ದ ಆ ಲೋಕದಲ್ಲಿ, ತಮ್ಮ ಹಾದಿ ಎಲ್ಲಿದೆಯೆಂದು ಹುಡುಕಲು ಬಂದ ನಡುನಾಲೆಯವರು ತಲೆ ಸುತ್ತಿ ಹೊರಬೀಳುತ್ತಿದ್ದರು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವಳು ಎಂಟು ಸಲ, ಅವನು ಏಳು ಸಲ ಲೋಕವನ್ನು ಮಗುಚಿದ್ದರು, ಕಲಾವತಿಯ ಹಾದಿ ಮೇಲಾಗಿತ್ತು. ತನ್ನ ಎಂಟನೆಯ ಏಟಿಗೆ ಬೆಟ್ಟಸ್ವಾಮಿ ಹೆಬ್ಬೆರಳೆತ್ತಿದನು. ಆ ಹೆಬ್ಬೆರಳ ತುದಿಯಲ್ಲಿ ಪಾಕದ ಅಂಟಿತ್ತು. ಇಡೀ ಶೀಟು ಆಯ್ಕೆಯಾಗುವ ಬದಲು ಎಡಗಡೆಯ ಹೆಸರುಗಳಷ್ಟೇ ಆಯ್ಕೆಯಾದವು, ಹೆಸರುಗಳಷ್ಟೇ ಮಗುಚಿಕೊಂಡವು, ಬಲಗಡೆಯ ಸಂಕೇತಗಳು ಇದ್ದಲ್ಲೇ ಕಲ್ಲಿನಂತೆ ಕೂತವು. ಇನ್ನೂರ ಹದಿನಾಲ್ಕು ಹೆಸರುಗಳಿಗೂ ಪರರ ಸಂಕೇತಗಳು ಗಂಟುಬಿದ್ದವು. ಅದನ್ನು ನೋಡಬೇಕಾದವನು ನೋಡಲಿಲ್ಲ: ಅಷ್ಟರಲ್ಲಿ ಕೊಪ್ಪರಿಗೆಯಲ್ಲಿ ಪಾಕ ಉಕ್ಕಿ ಬಂದಿತ್ತು. ಅತ್ತ ಕಲಾವತಿಗೂ ಹಬ್ಬದ ರವಿಕೆಗಳ ರಾಶಿ ಬಂದು ಬಿದ್ದು, ಮತ್ತೆ ಶೀಟು ಮಗುಚಲು ಬಿಡುವಾಗಲಿಲ್ಲ.

ಈ ನಾಲೆಯಂಚಿನ ಜಗತ್ತಿನಲ್ಲಿ ಪ್ರತಿ ಶುಕ್ರವಾರ ಒಂದು ಪಂದ್ಯ. ಅದನ್ನು ಸಾರುವವನು ಗತಪ್ರಾಣಚಕ್ರಸಂಜೀವಕನಾದ ಇಮ್ತಿಯಾಜ್, ಬಸ್‌ಸ್ಟಾಪಿನ ಪಂಚರ್ ಅಂಗಡಿಯವನು. ಅವನ ಫೋನಿನ ಗಾಜು ಒಡೆದು ಬೆರಳು ಕೊಯ್ಯುತ್ತಿದ್ದುದರಿಂದ ತಾನು ಓಡಿಸನು, ತೀರ್ಪಷ್ಟೇ ಕೊಡುವನು. ಪಟ್ಟಿಯ ಮೊದಲ ಸಾಲಿನ ಹಾದಿಯಲ್ಲೇ ಪಂದ್ಯ ಎಂಬುದು ಅವನು ಮಾಡಿದ ಕಾನೂನು. ಆ ಶುಕ್ರವಾರ ಮೊದಲ ಸಾಲಿನಲ್ಲಿ ಬೆಟ್ಟಸ್ವಾಮಿಯ ‘ಕೊಪ್ಪರಿಗೆ ಸುತ್ತು’ ಎಂಬ ಹೆಸರಿತ್ತು. ಎಲ್ಲರೂ ಅದರ ಪಕ್ಕದ ಸಂಕೇತ ಒತ್ತಿದರು. ತನ್ನ ಹಾದಿಯಲ್ಲಿ ತಾನೇ ಪಂದ್ಯಕ್ಕಿಳಿಯುವುದು ಗಂಡಸುತನವಲ್ಲವೆಂದು ಬೆಟ್ಟಸ್ವಾಮಿ ಇಳಿಯಲಿಲ್ಲ. ಅವನ ಹಾದಿಗೆ ಇನ್ನು ಕಾಲಿಡೆನೆಂದು ಕಲಾವತಿಯೂ ಇಳಿಯಲಿಲ್ಲ.

ಆ ಸಂಜೆ ಗುಂಪಿನಲ್ಲಿ ಹೊಗಳಿಕೆಯ ಹೊಳೆ ಹರಿಯಿತು.

“ಬೆಟ್ಟಣ್ಣ, ಹೊಸದಾಗಿ ಕಟ್ದಂಗದೆ! ಆ ಹಲಗೆ ಮೇಲೆ ಜೀವ ಬಾಯಿಗೆ ಬಂತು!”

“ಬಿರುಕಲ್ಲಿ ನಾಕ್ ಸಲ ಬಿದ್ದೆ ಕಣಣ್ಣೋ. ಇಂಥ ಹಾದಿ ನೀನೇ ಕಟ್ಬೇಕು.”

ಹಲಗೆ ಯಾವುದು, ಬಿರುಕು ಯಾವುದು ಎಂದು ಬೆಟ್ಟಸ್ವಾಮಿಗೆ ತಿಳಿಯಲಿಲ್ಲ. ಆದರೂ ಬಂದ ಹೊಗಳಿಕೆಯನ್ನು ಹಿಂದಿರುಗಿಸುವುದು ವೀರಲಕ್ಷಣವಲ್ಲ. “ಸ್ವಲ್ಪ ತಿದ್ದಿದ್ದೆ” ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದನು.

ಶನಿವಾರ ಮಧ್ಯಾಹ್ನ ಮೂರಕ್ಕೆ ಇಮ್ತಿಯಾಜನ ಕರೆ ಬಂತು.

“ಗುರುವೇ, ಏನ್ ತಿದ್ದಿದ್ದೆ ನೀನು?”

“ಯಾಕ್ಲಾ?”

“ನೆನ್ನೆ ಓಡಿದ್ದು ನಿಂದಲ್ಲ. ಕೊನೇ ತೂಬು ಅದು. ಕಲಾವತಕ್ಕ ಲೆಕ್ಕ ತೆಗೆದವ್ಳೆ, ಮೂವತ್ತೊಂಬತ್ತು ಜನ ಮುಟ್ಟವ್ರೆ. ಅಕ್ಕ ಕಟ್ದೋಳು, ಓಡುದ್ರೆ ಲೆಕ್ಕಕ್ಕಿಲ್ಲ. ನನ್ ಫೋನು ಕೆಟ್ಟದೆ. ನಲವತ್ತೆರಡರಲ್ಲಿ ಇನ್ನ್ ಯಾರ್ ಉಳಿದ್ರು, ನೀನೇ ಹೇಳು.”

ವೀರನು ಕೂಡಿ ಕಳೆದು ನೋಡಿದನು. ಉಳಿದದ್ದು ಒಂದೇ ತಲೆ, ಅದು ಅವನ ಹೆಗಲ ಮೇಲೆಯೇ ಇತ್ತು.

ಅಷ್ಟರಲ್ಲಿ ಆಲೆಮನೆಯ ಮುಂದೆ ಸ್ಕೂಟಿ ಬಂದು ನಿಂತಿತು. ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಕಲಾವತಿ ಇಳಿದಳು. ಮಹಾಯುದ್ಧದ ಎರಡೂ ಪಕ್ಷಗಳು ಮುಖಾಮುಖಿಯಾದವು. ಗಾಣದವನು ಗಾಣ ನಿಲ್ಲಿಸಿದನು, ಕಬ್ಬು ಹೊತ್ತವರು ಹೊರೆ ಇಳಿಸಿದರು.

‘ಶರಣಾಗತಳಾಗು, ಎನ್ನ ಸರದಿಯೇ ಸರದಿಯೆಂದು ಒಪ್ಪು, ಆಗ ನಿನ್ನ ಪಥಕ್ಕೆ ಪ್ರಾಣಭಿಕ್ಷೆ ನೀಡುವೆನು!’ ಎಂಬ ಮಹಾವಾಕ್ಯವು ಬೆಟ್ಟಸ್ವಾಮಿಯ ನಾಲಗೆಯ ತುದಿಗೆ ಬಂದಿತ್ತು. ಕಲಾವತಿಯ ಕಣ್ಣಲ್ಲಿ ನೀರಾಡುತ್ತಿರುವುದು ಕಂಡು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

“ಮೂರ್ ತಿಂಗಳು ಕಣಪ್ಪ,” ಎಂದಳು. “ನೆನ್ನೆ ಅಷ್ಟು ಜನ ಹೊಗಳಿದ್ರಲ್ಲ, ಅದೆಲ್ಲ ನೀನೇ ಮಡಿಕ್ಕೋ. ಹಾದಿ ಉಳಿಸು.”

“ಪಾಕ ಬಿಟ್ ಬರಕ್ಕಾಗಲ್ಲ ಕಣಕ್ಕ. ಹದಕ್ಕೆ ಬತ್ತಾ ಅದೆ.”

“ಕೊಡಿಲ್ಲಿ ಸೌಟ,” ಎಂದು ಅವನ ಕೈಯಿಂದ ಕಿತ್ತುಕೊಂಡಳು. “ನಮ್ಮಪ್ಪನೂ ಆಲೆಮನೇಲೇ ಇದ್ದದ್ದು. ನೀನ್ ಓಡು.”

ವೀರನು ಕಬ್ಬಿನ ಹೊರೆಯ ಮೇಲೆ ಕುಳಿತು ಅಂಗುಷ್ಠಗಳನ್ನು ಪಂಚೆಗೆ ಒರೆಸಿಕೊಂಡನು. ಇಳಿದನು ಆ ಬತ್ತಿದ ನಾಲೆಗೆ. ಮೊದಲ ಬಿರುಕಿನಲ್ಲಿ ಬಿದ್ದನು. ಎರಡನೆಯದರಲ್ಲೂ ಬಿದ್ದನು. ಮೊದಲ ಹಲಗೆಯ ಮೇಲೆ ಅವನ ಗಾಡಿ ಸತ್ತ ಜಿರಳೆಯಂತೆ ಅಂಗಾತವಾಯಿತು.

“ಬ್ರೇಕು, ಬ್ರೇಕು!” ಎಂದಿತು ಕಬ್ಬು ಹೊತ್ತವರ ಸೇನೆ, ಹೆಗಲ ಮೇಲಿಂದ ಬಗ್ಗಿ.

“ಬಿರ್ರನೆ ಹೋಗ್ಬ್ಯಾಡ, ಎತ್ತಿನ್ ಗಾಡಿ ಥರ ಹೋಗು,” ಎಂದಳು ಕಲಾವತಿ, ಕೊಪ್ಪರಿಗೆಯಿಂದ ತಿರುಗದೆ. “ಆ ತಿರುವು ಎಡಕ್ಕೆ ಕೊಯ್ದು ಬಲಕ್ಕೆ ಬತ್ತದೆ, ಕಂಕುಳ ಕಟಿಂಗ್ ಇದ್ದಂಗೆ.”

ಕಂಕುಳ ಕಟಿಂಗ್ ಎಂದೂ ಕಾಣದ ಬೆಟ್ಟಸ್ವಾಮಿ ಮತ್ತೆ ಬಿದ್ದನು. ಮೂರೂ ನಲವತ್ತು ಆಯಿತು. ಹನ್ನೊಂದು ಸಲ ಬಿದ್ದವನಿಗೆ ಹನ್ನೆರಡನೆಯ ಸಲ ಹಾದಿಯೇ ಅರ್ಥವಾಗತೊಡಗಿತು: ಎಲ್ಲಿ ನೀರಿರಬೇಕಿತ್ತೋ ಅಲ್ಲಿ ತಗ್ಗು, ಎಲ್ಲಿ ಸಾಕಷ್ಟು ನೀರು ಎಂದೂ ಬಂದಿಲ್ಲವೋ ಅಲ್ಲಿ ಬಿರುಕು. ಇದು ಆಟಕ್ಕೆ ಕಟ್ಟಿದ ನಾಲೆಯಲ್ಲ, ಎಲೆಗನಕುಪ್ಪೆಯ ನಾಲೆಯೇ. ಅವನು ಅಲ್ಲಿಗೆ ಯಾವತ್ತೂ ಹೋಗಿ ನೋಡಿರಲಿಲ್ಲ. ನಿಧಾನಕ್ಕೆ, ಎತ್ತಿನ ಗಾಡಿಯಂತೆ, ಹಲಗೆ ದಾಟಿ, ಕೊನೆಯ ತೂಬಿನ ಕಲ್ಲನ್ನು ಮುಟ್ಟಿದನು. ಹದಿನಾಲ್ಕು ನಿಮಿಷ ಒಂಬತ್ತು ಸೆಕೆಂಡು: ನಲವತ್ತು ಮಂದಿಯಲ್ಲಿ ನಲವತ್ತನೆಯ ಸ್ಥಾನ.

ದೇವತೆಗಳು ಹೂಮಳೆ ಕರೆಯಲಿಲ್ಲ. ಪರದೆಯ ಮೇಲೆ ‘ಈ ಹಾದಿಯನ್ನು ಉಳಿಸಲಾಗಿದೆ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳು ಮೂಡಿ ಮಾಯವಾದವು, ಆ ಜಾಗದಲ್ಲಿ ಸಾಬೂನಿನ ಜಾಹೀರಾತು ಬಂತು. ಗಾಣ ಮತ್ತೆ ತಿರುಗಿತು.

“ಶೀಟ್ನ ನಾಳೆ ಸರಿಮಾಡ್ತೀನಿ ಕಣಕ್ಕ,” ಎಂದ ಬೆಟ್ಟಸ್ವಾಮಿ.

“ಯಾವ ಸರದೀಲಿ?”

ಅವನು ತಲೆ ಕೆರೆದುಕೊಂಡ. “ವಾರ ವಾರ ಮಗುಚಾನ ಬಿಡಕ್ಕ. ಒಂದ್ ವಾರ ನೀವ್ ಮೇಲೆ, ಒಂದ್ ವಾರ ನಾವು.”

ಕಲಾವತಿ ಸೌಟು ಅವನ ಕೈಗಿತ್ತಳು. ಟೇಪಿನ ತುದಿಗೆ ಬೆಲ್ಲ ಹತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಸ್ಕೂಟಿ ಏರಿದಳು.

“ಮುಯ್ಯಿ ಒಂದು ತೀರ್ತು. ಹದಿನಾರ್ ಓಟ ಬಾಕಿ. ಜೊತೇಗೆ ಇವತ್ತಿನ್ ಮಡ್ಡಿ ತೆಗ್ದದ್ದು. ನಂಗೆ ನೀನು ಒಂದು ದಿನ ಕಾಜಾ ಹೊಲ್ಕೊಡ್ಬೇಕು.”

“ನಂಗ್ ಸೂಜಿ ಹಿಡಿಯಕ್ಕೇ ಬರಕ್ಕಿಲ್ವಲ್ಲಕ್ಕ!”

“ಗಾಡಿ ಓಡ್ಸಕ್ಕೂ ಬರಲ್ಲ ನಿಂಗೆ,” ಎಂದು ಅವಳು ಹೊರಟಳು. ಸಪ್ತದಶಪಥನಿರ್ಮಾತೃವು ಕೊಪ್ಪರಿಗೆಗೆ ಬಗ್ಗಿ ನೋಡಿದನು. ಪಾಕಕ್ಕೆ ಇನ್ನೊಂದು ಕುದಿ ಬೇಕಿತ್ತು.