ಒಂಬತ್ತು ವೋಲ್ಟಿನ ತಂಗಿ

ನಮ್ಮ ವಂಶದಲ್ಲಿ ತಲೆ ನೆಟ್ಟಗಿಲ್ಲದವರು ಒಬ್ಬರೇ, ಅದು ನನ್ನ ತಂಗಿ ಎಂದು ಮೊನ್ನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದೆ. ನೀವೇ ಹೇಳಿ, ಅರವತ್ತೊಂದನೆಯ ವಯಸ್ಸಿನಲ್ಲಿ ಹೆಂಗಸರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಬೇಕೋ, ದಪ್ಪ ಸ್ವರದ ಬೇಸ್ ಗಿಟಾರ್ ಕೊಳ್ಳಬೇಕೋ? ವಿಜಯಪುರದ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು, ಕೆಲಸ ಬಿಟ್ಟ ಮರುವಾರವೇ ಕೊಂಡಳು! ಎರಡು ವರ್ಷದಲ್ಲಿ ಕಲಿತೂ ಬಿಟ್ಟಳು. ಊರಿನ ಆರ್ಕೆಸ್ಟ್ರಾದವರು ಸೇರಿಸಿಕೊಂಡೂ ಬಿಟ್ಟರು.

ಈಚೆಗೆ ಕಾಲಲ್ಲಿ ಒತ್ತುವ ಒಂದು ಡಬ್ಬಿ ತಂದಳು. ಪೆಡಲ್ ಅಂತೆ. ಒತ್ತಿದರೆ ಗಿಟಾರಿನ ದನಿ ದಪ್ಪಗಾಗುತ್ತದೆ. ಅದಕ್ಕೆ ಒಂಬತ್ತು ವೋಲ್ಟ್ ಕರೆಂಟು ಬೇಕು. ಅಡಾಪ್ಟರ್ ಸಿಕ್ಕಿಸಿದೊಡನೆ ಸ್ಪೀಕರಿನಿಂದ ‘ಗುಂಯ್’ ಎಂದು ಹೊರಟಿತು, ನಿಲ್ಲಲೇ ಇಲ್ಲ. ತಾಲೀಮಿಗೆಂದು ಮನೆಗೆ ಬಂದಿದ್ದ ಆರ್ಕೆಸ್ಟ್ರಾದ ಯಜಮಾನ ಖಡಾಖಂಡಿತವಾಗಿ ಹೇಳಿದ:

“ಅಕ್ಕ, ಭಾನುವಾರ ನಿಶ್ಚಿತಾರ್ಥದ ಪ್ರೋಗ್ರಾಂ ಐತೆ. ಅಲ್ಲೂ ಈ ಗುಂಯ್ ಬಂದ್ರೆ ಬೇಸ್ ನಾವು ಕೀಬೋರ್ಡಲ್ಲೇ ಹೊಡ್ಕೋತೀವಿ. ಬೇಜಾರು ಮಾಡ್ಕೋಬೇಡಿ.”

ತಂಗಿಯ ಮುಖ ಬಾಡಿತು. ಮೂವತ್ತೈದು ವರ್ಷ ಡ್ರಿಲ್ ಮಾಸ್ಟರ್ ಆಗಿದ್ದ ನಾನು ಸುಮ್ಮನಿರಲಾದೀತೇ? ನೋಡಿದೆ: ವೈರುಗಳು ನೆಲದ ತುಂಬ ಅಡ್ಡಾದಿಡ್ಡಿ ಬಿದ್ದಿದ್ದವು. ಶಿಸ್ತಿಲ್ಲದ ಕಡೆ ಗದ್ದಲ ಇದ್ದೇ ಇರುತ್ತದೆ! ಎಲ್ಲ ವೈರುಗಳನ್ನೂ ಒಟ್ಟು ಹಿಡಿದು, ಗೇಣಿಗೊಂದು ಗಂಟು ಹಾಕಿ, ಜಡೆಯಂತೆ ಗೋಡೆಯುದ್ದಕ್ಕೂ ಮಲಗಿಸಿದೆ. ನೋಡಲು ಎರಡು ಕಣ್ಣು ಸಾಲದು. ಸ್ವಿಚ್ ಹಾಕಿದೆ. ಗುಂಯ್ ಎರಡು ಪಟ್ಟಾಯಿತು!

“ಕರೆಂಟ್ ವೈರ್ ಜೊತೆ ಗಿಟಾರ್ ವೈರ್ ಕಟ್ಟಿದ್ರೆ ಅದರ ಗುಂಯ್ ಇದಕ್ಕೂ ಹತ್ಕೊಳ್ಳುತ್ತೆ ಕಣಣ್ಣ.”

“ಮೊದ್ಲೇ ಹೇಳೋಕೇನಾಗಿತ್ತೇ?”

“ಬಾಯಿ ತೆಗೆದ್ರೆ ‘ಸಾವಧಾನ್’ ಅಂದ್ಯಲ್ಲ!”

ಕೊನೆಗೆ ಅವಳೇ ಅಡಾಪ್ಟರ್ ಕಿತ್ತುಹಾಕಿ, ಪೆಡಲಿನೊಳಗೆ ಚೌಕದ ಬ್ಯಾಟರಿ ಕೂರಿಸಿದಳು. ಗುಂಯ್ ಮಾಯ! ಆದರೆ ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಇನ್ನೊಂದು ತಂದರೆ ಅದೂ ಮರುದಿನ ಸತ್ತಿತು. ಅಂಗಡಿಗೆ ಹೋಗಿ ಹಳೇ ಮಾಲು ಮಾರುತ್ತೀಯಾ ಎಂದು ಬೈದು ಬಂದೆ. ಮೂರನೆಯ ದಿನ ಕಳ್ಳ ಸಿಕ್ಕಿಬಿದ್ದ. ಯಾರೆಂದುಕೊಂಡಿರಿ? ಪ್ರತಿ ಸಂಜೆ ಗಿಟಾರಿನ ವೈರು ಒರೆಸಿ, ಧೂಳು ಕೂರಬಾರದೆಂದು ಅದರ ಪಿನ್ನನ್ನು ಪೆಡಲಿನ ತೂತಿಗೆ ಸಿಕ್ಕಿಸಿ, ಮೇಲೆ ಟವೆಲ್ ಹೊದಿಸುತ್ತಿದ್ದವನು ನಾನೇ. ಪಿನ್ ಒಳಗಿರುವಷ್ಟು ಹೊತ್ತೂ ಪೆಡಲ್ ಎಚ್ಚರವಾಗಿರುತ್ತದಂತೆ! ಅಂಗಡಿಯವನಲ್ಲಿ ಕ್ಷಮೆ ಕೇಳಿದೆ. ಆದರೂ ಅವನು ನನ್ನನ್ನು ಕಂಡರೆ ಅರ್ಧ ಶಟರ್ ಎಳೆಯುತ್ತಾನೆ.

“ಅಷ್ಟಕ್ಕೂ ಅದೇನ್ ಮಹಾ ಗುಂಯ್? ಜನಕ್ಕೆ ಕೇಳ್ಸೋದೇ ಇಲ್ಲ. ಇಷ್ಟು ರಂಪ ಯಾಕೇ?” ಎಂದು ಮಾನ ಉಳಿಸಿಕೊಳ್ಳಲು ರೇಗಿದೆ.

ಅವಳು ಪಿನ್ ಬಿಚ್ಚಿ ಪಕ್ಕಕ್ಕಿಟ್ಟಳು.

“ಮಷಿನ್ ಸದ್ದಲ್ಲಿ ನಿಂತು ನಿಂತು ಸಣ್ಣ ಸ್ವರ ಎಲ್ಲಾ ಕಿವಿಗೆ ಬೀಳೋದೇ ನಿಂತೋಯ್ತು ಕಣಣ್ಣ. ಕೊಳಲು ಊದೋರ ಬೆರಳಾಡೋದು ಕಾಣುತ್ತೆ, ಅಷ್ಟೆ. ದಪ್ಪ ಸ್ವರ ಒಂದೇ ಉಳ್ದಿರೋದು. ಅಲ್ಲೂ ಇದು ಬಂದು ಕೂತ್ರೆ ನಾನೇನ್ ಕೇಳಿಸ್ಕೊಳ್ಲಿ?”

ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಿಶ್ಚಿತಾರ್ಥ. ಎರಡನೆಯ ಹಾಡಿಗೆ ಮತ್ತೆ ಗುಂಯ್! ಯಜಮಾನ ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡಿದ. ತಂಗಿಯ ಕೈ ನಿಂತಿತು. ಹುಡುಕಿದೆ. ಸ್ಪೀಕರಿಗೆ ಕರೆಂಟು ಕೊಡುವ ಬೋರ್ಡಿಗೇ ಯಾರೋ ಮಂಟಪದ ಸೀರಿಯಲ್ ಸೆಟ್ ದೀಪ ಸಿಕ್ಕಿಸಿದ್ದರು. ಯಾರನ್ನೂ ಕೇಳದೆ ಎಳೆದೆ. ಗುಂಯ್ ನಿಂತಿತು.

“ಯಾರ್ರೀ ಅದು, ಲೈಟ್ ಆರ್ಸಿದ್ದು?” ಎಂದು ಹುಡುಗಿಯ ಚಿಕ್ಕಪ್ಪ ಕೂಗಾಡಿಕೊಂಡು ಬಂದರು.

“ನಾನೇ. ಹಾಡು ಮುಗೀಲಿ, ಹಾಕ್ತೀನಿ.”

ತಂಗಿ ಕಣ್ಣು ಮುಚ್ಚಿ ನುಡಿಸತೊಡಗಿದ್ದಳು. ಆ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು, ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.